ಸಾವಿರ ಗಜದ ಗುರಿಗೆ ಎಷ್ಟು ದಪ್ಪದ ಗುಂಡು?

1860ರ ಜುಲೈ 2ರಂದು ಲಂಡನ್ ಹೊರವಲಯದ ವಿಂಬಲ್ಡನ್ ಬಯಲಿನಲ್ಲಿ ಭಾರಿ ಜನ ಸೇರಿದ್ದರು. ವಿಂಬಲ್ಡನ್ನಿನಲ್ಲಿ ಟೆನಿಸ್ ಪಂದ್ಯಾವಳಿ ಆರಂಭವಾಗಲು ಆಗಿನ್ನೂ ಹದಿನೇಳು ವರ್ಷ ಬಾಕಿಯಿತ್ತು. ಅಂದು ಅಲ್ಲಿ ನಡೆಯಲಿದ್ದುದು ಬ್ರಿಟನ್ನಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಮೊಟ್ಟಮೊದಲ ಗುರಿ ಹೊಡೆಯುವ ಕೂಟ. ಉದ್ಘಾಟನೆಗೆ ಬಂದವರು ವಿಕ್ಟೋರಿಯಾ ರಾಣಿ. ಕಬ್ಬಿಣದ ಚೌಕಟ್ಟಿನ ಮೇಲೆ ಬಿಗಿದು ಕೂರಿಸಿದ್ದ ರೈಫಲ್ಲಿನ ಟ್ರಿಗರಿಗೆ ರೇಷ್ಮೆಯ ದಾರ ಕಟ್ಟಲಾಗಿತ್ತು. ರಾಣಿ ದಾರ ಎಳೆದರು. 400 ಗಜ ದೂರದ ಗುರಿಹಲಗೆಯಲ್ಲಿ ಗುಂಡು ನಟ್ಟನಡುವಿನಿಂದ ಒಂದೂಕಾಲು ಅಂಗುಲದ ಅಂತರದಲ್ಲಿ ನೆಟ್ಟಿತು.

ರಾಣಿಯ ಕೈಚಳಕಕ್ಕಿಂತ ಇಲ್ಲಿ ಮೆಚ್ಚಬೇಕಾದದ್ದು ಆ ರೈಫಲ್ಲನ್ನು ಮಾಡಿದ, ಅಂದು ತಾನೇ ನಿಂತು ಗುರಿ ಕೂರಿಸಿದ ಜೋಸೆಫ್ ವಿಟ್ವರ್ತ್ ಎಂಬ ಎಂಜಿನಿಯರನ ಲೆಕ್ಕಾಚಾರವನ್ನು. ಬ್ರಿಟಿಷ್ ಸಿಪಾಯಿಯ ಹೆಗಲ ಮೇಲಿದ್ದ ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯ ಒಳಗಲ 0.577 ಅಂಗುಲ. ರಾಣಿ ಹಾರಿಸಿದ ರೈಫಲ್ಲಿನದು 0.451 ಅಂಗುಲ. ಮಿಲಿಮೀಟರಿನಲ್ಲಿ ಹೇಳುವುದಾದರೆ ಒಂದು ಸುಮಾರು ಹದಿನಾಲ್ಕೂವರೆ, ಇನ್ನೊಂದು ಹನ್ನೊಂದೂವರೆ. ಮೂರು ಮಿಲಿಮೀಟರಿನ ವ್ಯತ್ಯಾಸ. ಆದರೆ ದೂರದ ಗುರಿಗೆ ಯಾವ ಅಳತೆಯ ಗುಂಡು ಬೇಕು ಎಂಬ ಚರ್ಚೆ ಶಾಸ್ತ್ರೀಯವಾಗಿ ಆರಂಭವಾದದ್ದೇ ಆ ಮೂರು ಮಿಲಿಮೀಟರಿನಿಂದ.

ದೂರ ಹೋಗಬೇಕಾದರೆ ಗುಂಡು ದೊಡ್ಡದಿರಬೇಕು, ಮದ್ದು ಹೆಚ್ಚಿರಬೇಕು ಎಂದೇ ಯಾರಿಗಾದರೂ ಮೊದಲು ಅನ್ನಿಸುತ್ತದೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಕಳೆದ ನೂರೆಪ್ಪತ್ತು ವರ್ಷಗಳಲ್ಲಿ ಸಾವಿರ ಗಜದ ಪಂದ್ಯಗಳಿಗೆ ಒಪ್ಪುವ ಗುಂಡು ಹದಿನಾಲ್ಕೂವರೆ ಮಿಲಿಮೀಟರಿನಿಂದ ಆರೂವರೆಯ ಆಸುಪಾಸಿಗೆ ಇಳಿದಿದೆ.

ಈ ಅಳತೆಗೇ ಕ್ಯಾಲಿಬರ್ ಎಂದು ಹೆಸರು. ನಮ್ಮ ಕಡೆ ರೂಢಿಯಲ್ಲಿರುವ ಮಾತು ‘ಬೋರ್’. ಇದರಲ್ಲೂ ಒಂದು ಗೊಂದಲವಿದೆ. ಕೊಡಗಿನ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ‘ಹನ್ನೆರಡು ಬೋರ್’ ಕೋವಿಯ ಹನ್ನೆರಡು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಆ ನಳಿಗೆಯಲ್ಲಿ ಸರಿಯಾಗಿ ಕೂರುವ ಸೀಸದ ದುಂಡು ಗುಂಡುಗಳನ್ನು ತೂಗಿದರೆ ಹನ್ನೆರಡಕ್ಕೆ ಒಂದು ಪೌಂಡು ಎಂದು ಅರ್ಥ. ಹಾಗಾಗಿ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು. ರೈಫಲ್ಲಿನಲ್ಲಿ ಇದು ತಿರುವುಮುರುವು. ಪೊಲೀಸರ ಕೈಯಲ್ಲಿ ಎಲ್ಲರೂ ಕಂಡಿದ್ದ ‘ತ್ರೀ ನಾಟ್ ತ್ರೀ’ ಎಂದರೆ ಅಂಗುಲವನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 303 ಭಾಗ, ಅಂದರೆ 7.7 ಮಿಲಿಮೀಟರು.

ಮತ್ತೆ ವಿಟ್ವರ್ತ್‌ನ ಕಥೆಗೆ ಬರೋಣ. 1803ರಲ್ಲಿ ಹುಟ್ಟಿದ ಈತನ ಕಾರ್ಖಾನೆ ಇದ್ದದ್ದು ಮ್ಯಾಂಚೆಸ್ಟರಿನಲ್ಲಿ. ಒಂದು ಕಾರ್ಖಾನೆಯ ತಿರುಪುಮೊಳೆ ಇನ್ನೊಂದರ ನಟ್ಟಿಗೆ ಹೊಂದದೆ ಇಂಗ್ಲೆಂಡೆಲ್ಲ ಒದ್ದಾಡುತ್ತಿದ್ದಾಗ, 1841ರಲ್ಲಿ ತಿರುಪಿನ ಸುತ್ತುಗಳಿಗೆ ಒಂದೇ ಪ್ರಮಾಣ ಗೊತ್ತುಮಾಡಿದವನು ಈತ. ಅಂಗುಲದ ಹತ್ತು ಲಕ್ಷದ ಒಂದು ಭಾಗವನ್ನು ಅಳೆಯುವ ಯಂತ್ರ ಮಾಡಿದವನೂ ಈತನೇ. ಬಂದೂಕಿನ ಕಸುಬು ಮಾತ್ರ ಇವನದಾಗಿರಲಿಲ್ಲ. 1854ರಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥರಾಗಿದ್ದವರು ಹಿಂದೆ ಭಾರತದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಹಾರ್ಡಿಂಜ್. ಎನ್‌ಫೀಲ್ಡ್ ರೈಫಲ್ಲುಗಳನ್ನು ಯಂತ್ರದಿಂದ ತಯಾರಿಸುವ ಬಗ್ಗೆ ಸರ್ಕಾರ ವಿಟ್ವರ್ತ್‌ನ ಸಲಹೆ ಕೇಳಿತು. ಒಳ್ಳೆಯ ನಳಿಗೆ ಎಂದರೆ ಹೇಗಿರಬೇಕೆಂದು ಗೊತ್ತಾಗದೆ ಅದನ್ನು ಮಾಡುವ ಯಂತ್ರ ಕಟ್ಟುವುದು ಹೇಗೆ ಎಂದು ಆತ ಮರುಪ್ರಶ್ನೆ ಹಾಕಿದ. ಬಂದೂಕು ಕಟ್ಟುವವರು ತಲೆಮಾರುಗಳಿಂದ ಕೈಯಂದಾಜಿನಲ್ಲಿ ನಡೆಸಿಕೊಂಡು ಬಂದಿದ್ದ ಕೆಲಸಕ್ಕೆ ಒಬ್ಬ ಹೊರಗಿನವನು ಕೇಳಿದ ಈ ಪ್ರಶ್ನೆ ಸಣ್ಣದಲ್ಲ.

ಉತ್ತರ ಹುಡುಕಲು ಸರ್ಕಾರದ ಖರ್ಚಿನಲ್ಲಿ ಆತನ ಮನೆಯ ಆವರಣದಲ್ಲೇ 500 ಗಜ ಉದ್ದದ ಒಂದು ಮುಚ್ಚಿದ ಶೆಡ್ ಕಟ್ಟಲಾಯಿತು. ಒಳಗೆ ಗಾಳಿಯ ಸುಳಿವಿಲ್ಲದೆ ಗುಂಡು ಹಾರಿಸಿ ನೋಡಬೇಕು ಎಂಬುದು ಉದ್ದೇಶ. ಕಟ್ಟಿ ಮುಗಿದ ಸ್ವಲ್ಪದರಲ್ಲೇ ಬಿರುಗಾಳಿಯೊಂದು ಬಂದು ಶೆಡ್ಡನ್ನು ಉರುಳಿಸಿಬಿಟ್ಟಿತು! ಮತ್ತೆ ಕಟ್ಟಿ 1855ರಲ್ಲಿ ಪ್ರಯೋಗ ಆರಂಭಿಸಿದರು. ದಾರಿಯುದ್ದಕ್ಕೂ ತೆಳು ಕಾಗದದ ಪರದೆ ಕಟ್ಟಿ, ಪ್ರತಿ ಪರದೆಯಲ್ಲಿ ಬಿದ್ದ ತೂತು ನೋಡಿ, ಗುಂಡು ಎಲ್ಲಿ ಓಲಾಡಿತು, ಎಲ್ಲಿ ವಾಲಿತು ಎಂದು ಆತ ಗುರುತು ಹಾಕಿಕೊಂಡ.

ಆತ ಕಂಡುಕೊಂಡದ್ದು ಇಷ್ಟು. ಗುಂಡಿನ ತೂಕ ಎನ್‌ಫೀಲ್ಡಿನದೇ ಇರಲಿ, ಅಂದರೆ 530 ಗ್ರೇನ್, ಸುಮಾರು 34 ಗ್ರಾಂ. ಮದ್ದೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಗುಂಡಿನ ದಪ್ಪ ಮಾತ್ರ ಇಳಿಯಲಿ. ಅದೇ ಸೀಸವನ್ನು ಸಣ್ಣ ನಳಿಗೆಗೆ ಹೊಂದಿಸಿದರೆ ಗುಂಡು ಉದ್ದವಾಗುತ್ತದೆ. ಗಾಳಿಗೆ ಎದುರಾಗುವ ಅದರ ಮುಖ ಕಿರಿದಾಗುತ್ತದೆ. ಲೆಕ್ಕ ಹಾಕಿದರೆ ಎನ್‌ಫೀಲ್ಡ್ ಗುಂಡಿನ ಮುಖ ವಿಟ್ವರ್ತ್ ಗುಂಡಿನದಕ್ಕಿಂತ ಒಂದೂವರೆ ಪಟ್ಟಿಗೂ ದೊಡ್ಡದು. ಅಗಲ ಮುಖದ ಗುಂಡನ್ನು ಗಾಳಿ ಬೇಗ ತಡೆಯುತ್ತದೆ, ತಡೆದಷ್ಟೂ ಅದು ಬೇಗ ಕೆಳಗೆ ಬೀಳುತ್ತದೆ. ಅಡ್ಡಗಾಳಿಯ ಕಾಟವೂ ಅಷ್ಟೆ: ಗುಂಡು ಎಷ್ಟು ಪಕ್ಕಕ್ಕೆ ಸರಿಯುತ್ತದೆ ಎಂಬುದು ದಾರಿಯಲ್ಲಿ ಅದು ಎಷ್ಟು ವೇಗ ಕಳೆದುಕೊಂಡಿತು ಎಂಬುದರ ಮೇಲೆ ನಿಂತಿದೆ.

ಉದ್ದನೆಯ ಗುಂಡಿಗೂ ಒಂದು ದೋಷವಿದೆ. ಎತ್ತರದ ಬುಗುರಿ ಬೇಗ ಮಗುಚುವಂತೆ ಅದೂ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಜೋರಾಗಿ ತಿರುಗಿಸಿದರೆ ಮಾತ್ರ ನೆಟ್ಟಗೆ ಹೋದೀತು. ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಸಾಗುವ ಗೀರುಗಳು ಇರುವುದು ಈ ತಿರುಗಿಸುವ ಕೆಲಸಕ್ಕಾಗಿಯೇ. ಎನ್‌ಫೀಲ್ಡಿನ ಗೀರು ಒಂದು ಪೂರ್ತಿ ಸುತ್ತು ಬರಲು 78 ಅಂಗುಲ ಬೇಕಿತ್ತು, ಅದೂ ನಳಿಗೆಯ ಉದ್ದವೇ 39 ಅಂಗುಲವಿದ್ದಾಗ. ವಿಟ್ವರ್ತ್ ಅರವತ್ತು ಅಂಗುಲಕ್ಕೊಂದು ಸುತ್ತಿನಿಂದ ಹಿಡಿದು ಒಂದೇ ಅಂಗುಲಕ್ಕೊಂದು ಸುತ್ತಿನವರೆಗೂ ಪರೀಕ್ಷಿಸಿ ಕೊನೆಗೆ 20 ಅಂಗುಲಕ್ಕೆ ಬಂದು ನಿಂತ. ಗೀರುಗಳನ್ನು ಬಿಟ್ಟು ನಳಿಗೆಯನ್ನೇ ಆರು ಮೂಲೆಯದಾಗಿ ಕೊರೆದು, ಗುಂಡನ್ನೂ ಆರು ಮೂಲೆಯದಾಗಿಯೇ ಎರಕ ಹೊಯ್ದ. ಈ ಆರು ಮೂಲೆಯ ನಳಿಗೆ ಹೆಚ್ಚು ಕಾಲ ಬಾಳಲಿಲ್ಲ. ಉಳಿದದ್ದು ಅಳತೆಯ ಸೂತ್ರ: ತೂಕ ಬಿಡದೆ ದಪ್ಪ ಇಳಿಸು, ಉದ್ದ ಹೆಚ್ಚಿಸು, ಬೇಗ ತಿರುಗಿಸು.

1857ರಲ್ಲಿ ಇಂಗ್ಲೆಂಡಿನ ಹೈದ್ ಎಂಬಲ್ಲಿನ ಸೇನಾ ಶಾಲೆಯಲ್ಲಿ ಎರಡೂ ರೈಫಲ್ಲುಗಳನ್ನು ಎದುರುಬದುರು ಇಟ್ಟು ಪರೀಕ್ಷಿಸಿದರು. 500 ಗಜದಲ್ಲಿ ಎನ್‌ಫೀಲ್ಡಿನ ಗುಂಡುಗಳು ನಡುವಿನಿಂದ ಸರಾಸರಿ 2.24 ಅಡಿ ಚದುರಿದರೆ ವಿಟ್ವರ್ತ್‌ನವು 0.37 ಅಡಿ, ಅಂದರೆ ಒಂದು ಗೇಣಿಗೂ ಕಡಿಮೆ. 1400 ಗಜಕ್ಕೆ ಹೋದಾಗ ಎನ್‌ಫೀಲ್ಡಿನ ಒಂದು ಗುಂಡೂ ಹಲಗೆಗೆ ತಾಗಲಿಲ್ಲ. ವಿಟ್ವರ್ತ್ ಇನ್ನೂ ಹೊಡೆಯುತ್ತಲೇ ಇತ್ತು.

ಇಷ್ಟಾದರೂ ಸೇನೆ ಅದನ್ನು ಒಪ್ಪಲಿಲ್ಲ. ನಳಿಗೆ ತೀರಾ ಕಿರಿದು, ಮದ್ದಿನ ಮಸಿ ಬೇಗ ಕಟ್ಟುತ್ತದೆ, ಬೆಲೆ ದುಬಾರಿ ಎಂಬ ಆಕ್ಷೇಪಗಳು ಬಂದವು. ಇವು ಸುಳ್ಳೇನೂ ಅಲ್ಲ. ಕೆಸರಿನಲ್ಲಿ ನಿಂತು ಅವಸರದಲ್ಲಿ ಬಾಯಿಂದ ಮದ್ದು ತುಂಬುವ ಸಿಪಾಯಿಗೆ ಬೇಕಾದದ್ದು ಬೇರೆ, ಹಾಸಿನ ಮೇಲೆ ಮಲಗಿ ಒಂದೊಂದು ಗುಂಡಿಗೂ ನಳಿಗೆ ಒರೆಸಿಕೊಳ್ಳುವ ಗುರಿಕಾರನಿಗೆ ಬೇಕಾದದ್ದು ಬೇರೆ. ಸೇನೆ ಬಿಟ್ಟದ್ದನ್ನು ಗುರಿಕಾರರು ಎತ್ತಿಕೊಂಡರು. ರಾಣಿ ದಾರ ಎಳೆದದ್ದು ಇಂಥ ರೈಫಲ್ಲಿನಲ್ಲಿ.

ಆಟದ ಬಯಲಿನಿಂದ ಆ ರೈಫಲ್ ರಣರಂಗಕ್ಕೂ ಹೋಯಿತು ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳು ಕೆಲವೇ ಕೆಲವು ವಿಟ್ವರ್ತ್‌ಗಳನ್ನು ತರಿಸಿ ಆಯ್ದ ಗುರಿಕಾರರ ಕೈಗೆ ಕೊಟ್ಟವು. 1864ರ ಮೇ 9ರಂದು ಸ್ಪಾಟ್ಸಿಲ್ವೇನಿಯಾದಲ್ಲಿ ಉತ್ತರ ಸೇನೆಯ ಜನರಲ್ ಜಾನ್ ಸೆಡ್ಜ್‌ವಿಕ್, ಗುಂಡಿಗೆ ಹೆದರಿ ತಲೆ ತಗ್ಗಿಸುತ್ತಿದ್ದ ತನ್ನ ಸೈನಿಕರನ್ನು ಗೇಲಿ ಮಾಡಿದರು. ಅಷ್ಟು ದೂರದಿಂದ ಅವರಿಗೆ ಆನೆಯನ್ನು ಹೊಡೆಯಲೂ ಆಗದು ಎಂಬ ಅರ್ಥದ ಮಾತಾಡಿದ ಸ್ವಲ್ಪ ಹೊತ್ತಿಗೆ ಕಣ್ಣಿನ ಕೆಳಗೆ ಗುಂಡು ತಾಗಿ ಸತ್ತರು. ಅದು ವಿಟ್ವರ್ತ್ ಗುಂಡು ಎಂಬುದು ಬಹುಕಾಲದಿಂದ ಬಂದ ನಂಬಿಕೆ.

ವಿಟ್ವರ್ತ್‌ನನ್ನು ಹಿಂದೆ ಹಾಕಿದ ಮನುಷ್ಯನ ಕಥೆಗೆ ಭಾರತದ ನಂಟಿದೆ. 1857 ಎಂದೊಡನೆ ನೆನಪಾಗುವುದು ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟಾ. ಬಾಯಿಂದ ತುಂಬುವ ಆ ರೈಫಲ್ಲಿನಲ್ಲಿ ಕಾಗದ ಸುತ್ತಿದ ಗುಂಡು ಸಲೀಸಾಗಿ ಇಳಿಯಲೆಂದು ಜಿಡ್ಡು ಬೇಕಿತ್ತು. ಆ ಜಿಡ್ಡು ದನದ್ದೋ ಹಂದಿಯದ್ದೋ ಎಂಬ ಶಂಕೆ ಸಿಪಾಯಿಗಳ ಸಿಟ್ಟಿಗೆ ಕಿಡಿಯಾಯಿತು. ಅದೇ ವರ್ಷ ಈಸ್ಟ್ ಇಂಡಿಯನ್ ರೈಲ್ವೆಯ ಕೆಲಸಕ್ಕೆಂದು ವಿಲಿಯಂ ಎಲ್ಲಿಸ್ ಮೆಟ್‌ಫರ್ಡ್ ಎಂಬ ಎಂಜಿನಿಯರ್ ಬಿಹಾರದ ಮುಂಗೇರಿಗೆ ಬಂದಿಳಿದಿದ್ದ. ಮುಂಗೇರಿ ಮೀರ್ ಕಾಸಿಮನ ಕಾಲದಿಂದಲೂ ಬಂದೂಕು ಮಾಡುವ ಊರು. ದಂಗೆಯ ಸುದ್ದಿ ಬಂದಾಗ ಆತ ರೈಲ್ವೆ ಕೆಲಸ ಬಿಟ್ಟು ಊರಿನ ರಕ್ಷಣೆಯ ಏರ್ಪಾಡಿಗೆ ನಿಂತ. ಆರೋಗ್ಯ ಕೆಟ್ಟು ಒಂದು ವರ್ಷದಲ್ಲೇ ಇಂಗ್ಲೆಂಡಿಗೆ ಮರಳಿದ. ಮುಂದಿನ ಆಯುಷ್ಯವನ್ನೆಲ್ಲ ರೈಫಲ್ಲಿಗೇ ಕಳೆದ.

ಮೆಟ್‌ಫರ್ಡ್ ವಿಟ್ವರ್ತ್‌ನ ಅಳತೆಯನ್ನು ಹೆಚ್ಚು ಬದಲಿಸಲಿಲ್ಲ. 1865ರ ಹೊತ್ತಿಗೆ ಆತ ಮಾಡಿ ತೋರಿಸಿದ್ದು ಇಷ್ಟೆ: ಗೀರುಗಳು ಆಳವಾಗಿರಬೇಕಿಲ್ಲ, ಕೂದಲೆಳೆಯಷ್ಟು ಇದ್ದರೂ ಸಾಕು. ಸೀಸವನ್ನು ಗಟ್ಟಿ ಮಾಡಿ ಕಾಗದ ಸುತ್ತಿದರೆ ಗುಂಡು ಆ ತೆಳು ಗೀರನ್ನೇ ಹಿಡಿದು ತಿರುಗುತ್ತದೆ, ಮಸಿಯೂ ಕಟ್ಟುವುದಿಲ್ಲ. ಸೇನೆ 0.45 ಅಂಗುಲಕ್ಕೆ ಇಳಿದದ್ದು 1871ರ ಮಾರ್ಟಿನಿ-ಹೆನ್ರಿಯಲ್ಲಿ. ವಿಂಬಲ್ಡನ್ನಿನ ಗುರಿಕಾರರಿಗೆ ಅದು ಹನ್ನೊಂದು ವರ್ಷದ ಹಳೆಯ ಸುದ್ದಿಯಾಗಿತ್ತು.

1873ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳನ್ನು ಸೋಲಿಸಿ ಎಲ್ಕೋ ಶೀಲ್ಡ್ ಗೆದ್ದ ಐರಿಷ್ ಗುರಿಕಾರರು ಅಮೆರಿಕನ್ನರಿಗೆ ಪತ್ರಿಕೆಯ ಮೂಲಕ ಸವಾಲು ಹಾಕಿದರು. ಅಮೆರಿಕನ್ನರಿಗೆ ಸಾವಿರ ಗಜದ ಅನುಭವವೇ ಇರಲಿಲ್ಲ. ನ್ಯೂಯಾರ್ಕಿನ ಹೊರಗೆ ಕ್ರೀಡ್ ಎಂಬ ಕುಟುಂಬದ ಹೊಲವನ್ನು ಕೊಂಡು ಆಗಷ್ಟೇ ಒಂದು ಗುರಿಬಯಲು ಮಾಡಿಕೊಂಡಿದ್ದರು. ಅದರ ಹೆಸರು ಕ್ರೀಡ್‌ಮೂರ್. 1874ರ ಸೆಪ್ಟೆಂಬರ್ 26ರಂದು ಪಂದ್ಯ ನಡೆಯಿತು. ತಂಡಕ್ಕೆ ಆರು ಜನ. 800, 900, 1000 ಗಜಗಳಲ್ಲಿ ಒಬ್ಬೊಬ್ಬರಿಗೆ ಹದಿನೈದು ಗುಂಡು. ನಡುವಿಗೆ ಬಿದ್ದರೆ ನಾಲ್ಕು ಅಂಕ.

ಐರಿಷರು ಡಬ್ಲಿನ್ನಿನ ಜಾನ್ ರಿಗ್ಬಿ ಮಾಡಿದ, ಬಾಯಿಂದ ಮದ್ದು ತುಂಬುವ ರೈಫಲ್ ತಂದಿದ್ದರು. ಅಮೆರಿಕನ್ನರ ರೆಮಿಂಗ್ಟನ್ ಮತ್ತು ಶಾರ್ಪ್ಸ್ ರೈಫಲ್ಲುಗಳು ಹಿಂದಿನಿಂದ ತೋಟಾ ಹಾಕುವಂಥವು. ಆ ದಿನಗಳ ಪತ್ರಿಕೆಗಳಿಗೆ ಇದೇ ದೊಡ್ಡ ವಿಷಯ. ಆದರೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಐರಿಷರದು 0.45 ಅಂಗುಲ, ಅಮೆರಿಕನ್ನರದು 0.44. ಗುಂಡುಗಳೂ ಹೆಚ್ಚುಕಡಿಮೆ ಒಂದೇ ತೂಕ. ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಬೇರೆಬೇರೆ ರೈಫಲ್ ಕಟ್ಟಿದವರು ಅಳತೆಯ ವಿಷಯದಲ್ಲಿ ಒಂದೇ ಜಾಗಕ್ಕೆ ಬಂದು ತಲುಪಿದ್ದರು.

ಸೀಸದ ಆ ಭಾರದ ಗುಂಡಿಗೆ ಸಾವಿರ ಗಜ ದಾಟಲು ಸುಮಾರು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ಅದು ಕಮಾನಿನಂತೆ ಮೂವತ್ತು ಅಡಿಗೂ ಎತ್ತರಕ್ಕೆ ಏರಿ ಇಳಿಯುತ್ತದೆ. ಆ ಮೂರು ಸೆಕೆಂಡಿನಲ್ಲಿ ಗಾಳಿ ಏನು ಬೇಕಾದರೂ ಮಾಡಬಹುದು. ಅಂದು ಐರಿಷರನ್ನು ಕೆಡಿಸಿದ್ದು ಗಾಳಿಯಲ್ಲ. 900 ಗಜದಲ್ಲಿ ಅವರ ಮಿಲ್ನರ್ ನೇರ ನಡುವಿಗೆ ಹೊಡೆದ, ಆದರೆ ಪಕ್ಕದವರ ಗುರಿಹಲಗೆಗೆ! ನಾಲ್ಕು ಅಂಕ ಹೋಯಿತು. ಕೊನೆಗೆ ಐರಿಷರದು 931, ಅಮೆರಿಕನ್ನರದು 930, ಉಳಿದದ್ದು ಕರ್ನಲ್ ಜಾನ್ ಬೋಡೈನ್‌ನ ಒಂದೇ ಗುಂಡು. ಸ್ವಲ್ಪ ಮೊದಲು ಜಿಂಜರ್ ಬಿಯರ್ ಬಾಟಲಿ ಸಿಡಿದು ಆತನ ಕೈ ಕೊಯ್ದಿತ್ತು. ರಕ್ತ ಸುರಿಯುವ ಕೈಗೆ ಕರವಸ್ತ್ರ ಸುತ್ತಿಕೊಂಡು ಹೊಡೆದ. ಗುಂಡು ನಡುವಿಗೇ ಬಿತ್ತು: 934.

ಕ್ರೀಡ್‌ಮೂರಿನ ಬಯಲು ಹೆಚ್ಚು ಕಾಲ ಉಳಿಯಲಿಲ್ಲ. ಸುತ್ತ ಊರು ಬೆಳೆಯಿತು, ಗುಂಡಿನ ಕಾಟದ ಬಗ್ಗೆ ದೂರುಗಳು ಬಂದವು. 1912ರಲ್ಲಿ ಆ ಜಾಗದಲ್ಲಿ ಸರ್ಕಾರದ ಮಾನಸಿಕ ಆಸ್ಪತ್ರೆ ಆರಂಭವಾಯಿತು.

ಅಷ್ಟರಲ್ಲಿ ಕ್ಯಾಲಿಬರಿನ ಲೆಕ್ಕವನ್ನು ರಸಾಯನಶಾಸ್ತ್ರ ಬದಲಿಸಿಬಿಟ್ಟಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ. ಗುಂಡಿನ ವೇಗ ಒಮ್ಮೆಲೇ ಒಂದೂವರೆ ಪಟ್ಟಿನಷ್ಟಾಯಿತು. ಬರಿಯ ಸೀಸ ಆ ವೇಗಕ್ಕೆ ಗೀರುಗಳಲ್ಲಿ ಜಾರಿಹೋಗುತ್ತದೆ, ಅದಕ್ಕೆ ಗಟ್ಟಿ ಲೋಹದ ಕವಚ ಬಂತು. ಕವಚ ಬಂದಮೇಲೆ ಗುಂಡನ್ನು ಇನ್ನೂ ಸಣ್ಣದು, ಇನ್ನೂ ಉದ್ದ ಮಾಡಬಹುದಾಯಿತು. ಫ್ರಾನ್ಸ್ 8 ಮಿಲಿಮೀಟರಿಗೆ ಇಳಿಯಿತು. ಬ್ರಿಟನ್ 1888ರಲ್ಲಿ ತ್ರೀ ನಾಟ್ ತ್ರೀಗೆ ಬಂತು. ಅದರ ಮೊದಲ ರೈಫಲ್ ಲೀ-ಮೆಟ್‌ಫರ್ಡಿನಲ್ಲಿದ್ದದ್ದು ಮುಂಗೇರಿಯಿಂದ ಮರಳಿದ ಆ ಎಂಜಿನಿಯರನ ತೆಳು ಗೀರುಗಳೇ. ಹೊಸ ಮದ್ದಿನ ಬಿಸಿಗೆ ಅವು ಬೇಗ ಸವೆದವು ಎಂಬುದು ಬೇರೆ ಮಾತು.

ಸೇನೆಗೂ ಗುರಿಕಾರನಿಗೂ ಇದ್ದ ಹಳೆಯ ಜಗಳ ಇಲ್ಲಿ ಇನ್ನೊಂದು ರೂಪದಲ್ಲಿ ಬಂತು, ಅದೂ ಕ್ರೂರವಾಗಿ. ಸಪೂರ ಗುಂಡು ದೂರ ಹೋಗುತ್ತದೆ, ಆದರೆ ಮೈಯನ್ನು ತೂರಿ ಹೊರಟುಹೋಗುತ್ತದೆ, ಶತ್ರು ನಿಲ್ಲುವುದಿಲ್ಲ ಎಂದು ವಾಯವ್ಯ ಗಡಿಯ ಅಧಿಕಾರಿಗಳು ದೂರಿದರು. ಕಲ್ಕತ್ತಾ ಬಳಿಯ ಡಮ್ ಡಮ್ ಕಾರ್ಖಾನೆಯಲ್ಲಿ ಗುಂಡಿನ ಮೂತಿಯ ಕವಚ ತೆಗೆದು, ಮೈಯೊಳಗೆ ಅರಳಿ ಹರಿಯುವಂಥ ಗುಂಡು ಮಾಡಿದರು. 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅಂಥ ಗುಂಡುಗಳ ಬಳಕೆಯನ್ನು ನಿಷೇಧಿಸಿತು.

ಭಾರತದಲ್ಲಿ ಕ್ಯಾಲಿಬರನ್ನು ಆರಿಸಿದ್ದು ಗುರಿಕಾರನೂ ಅಲ್ಲ, ಗಾಳಿಯೂ ಅಲ್ಲ, ಕಾನೂನು. 1857ರ ನಂತರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವುದೇ ಸರ್ಕಾರದ ನೀತಿಯಾಯಿತು. ಅದನ್ನು ವಿರೋಧಿಸಿ ಮುಧೋಳ ಸೀಮೆಯ ಹಲಗಲಿಯ ಬೇಡರು ಅದೇ ವರ್ಷ ದಂಗೆಯೆದ್ದದ್ದು ಕನ್ನಡಿಗರಿಗೆ ಗೊತ್ತಿರುವ ಕಥೆ. ಕೊಡವರಿಗೆ ಮಾತ್ರ ವಿನಾಯಿತಿ ಸಿಕ್ಕಿತು, ಅದು ಈಗಲೂ ಮುಂದುವರಿದಿದೆ. ಮುಂದೆ ಸೇನೆಯ ತೋಟಾ ಕದ್ದರೂ ಖಾಸಗಿ ಬಂದೂಕಿಗೆ ಹೊಂದಬಾರದು ಎಂಬ ಲೆಕ್ಕದಲ್ಲಿ ಸೇನೆ ಬಳಸುವ ಬೋರುಗಳನ್ನೇ ಜನರಿಗೆ ನಿಷೇಧಿಸಿದರು. ಮೊದಲು 0.450, ಆಮೇಲೆ 0.303. ಬಂದೂಕು ಕಂಪನಿಗಳು 0.465, 0.470 ಎಂದು ಕೂದಲೆಳೆಯ ವ್ಯತ್ಯಾಸದ ಹೊಸ ಬೋರುಗಳನ್ನು ಹುಟ್ಟಿಸಿದ್ದು ಈ ಕಾರಣಕ್ಕೆ. ಆಸ್ಟ್ರಿಯಾದ ಹಳೆಯ 8 ಮಿಲಿಮೀಟರ್ ಸೇನಾ ತೋಟಾ ಇಲ್ಲಿ 0.315 ಎಂಬ ಹೆಸರಿನಲ್ಲಿ ನೆಲೆಯೂರಿತು. ಸ್ವಾತಂತ್ರ್ಯ ಬಂದ ಮೇಲೂ ಇಷಾಪುರದ ರೈಫಲ್ ಕಾರ್ಖಾನೆ ನಾಗರಿಕರಿಗಾಗಿ ಮಾಡಿದ್ದು ಇದನ್ನೇ. ದಪ್ಪ, ಮೊಂಡು ಮೂತಿಯ ಆ ಗುಂಡು ಕಾಡುಹಂದಿಗೆ ಸಾಕು. ಸಾವಿರ ಗಜಕ್ಕೆ ಅಲ್ಲ. ನಮ್ಮ ಶೂಟರುಗಳು ಒಲಿಂಪಿಕ್ಸಿನಲ್ಲಿ ಹೆಸರು ಮಾಡಿದ್ದು ಹೆಚ್ಚಾಗಿ 10 ಮೀಟರ್, 50 ಮೀಟರ್‌ನಂಥ ದೂರಗಳಲ್ಲಿ, ಅಲ್ಲಿ 4.5 ಮತ್ತು 5.6 ಮಿಲಿಮೀಟರಿನ ಅಳತೆಯನ್ನು ನಿಯಮವೇ ಗೊತ್ತುಮಾಡಿದೆ.

ದೂರದ ಪಂದ್ಯಗಳಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧವನ್ನು ಆಳಿದ್ದು 1952ರಲ್ಲಿ ಬಂದ 0.308 ವಿಂಚೆಸ್ಟರ್. ಇದರ ಅವಳಿಯಂಥ 7.62 ಮಿಲಿಮೀಟರ್ ತೋಟಾವನ್ನು 1954ರಲ್ಲಿ ನೇಟೊ ಸೇನೆಗಳು ಒಪ್ಪಿದ್ದರಿಂದ ಅದು ಎಲ್ಲೆಡೆ ಅಗ್ಗವಾಗಿ ಸಿಗುತ್ತಿತ್ತು. ಅದಕ್ಕಿಂತ ಸಪೂರವಾದ 6.5 ಮಿಲಿಮೀಟರಿನ ಗುಣ ಸ್ವೀಡನ್ನಿನವರಿಗೆ 1894ರಿಂದಲೇ ಗೊತ್ತಿತ್ತು. ಆ ವರ್ಷ ಅವರ ಸೇನೆ ಒಪ್ಪಿಕೊಂಡ ಉದ್ದ ಗುಂಡು ಅಲ್ಲಿನ ಗುರಿಕಾರರ ಸಂಘಗಳಲ್ಲಿ ತಲೆಮಾರುಗಳ ಕಾಲ ನಡೆಯಿತು. ಹೊರಗಿನವರು ಅದನ್ನು ಗಮನಿಸಲು ತಡಮಾಡಿದರು.

2007ರಲ್ಲಿ ಅಮೆರಿಕದ ಹಾರ್ನಡಿ ಕಂಪನಿ 6.5 ಕ್ರೀಡ್‌ಮೂರ್ ಎಂಬ ತೋಟಾ ಹೊರತಂದಿತು. ಅದರ ಹಿಂದಿನ ಯೋಚನೆ ಸರಳ. ತೋಟಾದ ಹಿತ್ತಾಳೆ ಕೊಳವೆಯನ್ನು ಸ್ವಲ್ಪ ಗಿಡ್ಡ ಮಾಡಿ, ಉಳಿದ ಜಾಗದಲ್ಲಿ ಉದ್ದನೆಯ ಗುಂಡು ಕೂರುವಂತೆ ಮಾಡುವುದು. ಗೀರುಗಳನ್ನು 8 ಅಂಗುಲಕ್ಕೊಂದು ಸುತ್ತು ಬರುವಂತೆ ಕೊರೆಯುವುದು. ಗುಂಡಿನ ತೂಕ 140 ಗ್ರೇನ್, 0.308ರಲ್ಲಿ ಸಾಮಾನ್ಯವಾಗಿ ಬಳಸುವುದಕ್ಕಿಂತ ಕಡಿಮೆಯೇ. ಆದರೂ ಸಾವಿರ ಗಜದಲ್ಲಿ ಅಡ್ಡಗಾಳಿಗೆ ಅದು ಸುಮಾರು ಕಾಲು ಭಾಗ ಕಡಿಮೆ ಸರಿಯುತ್ತದೆ, ಹೆಗಲಿಗೆ ಒದೆಯುವುದೂ ಕಡಿಮೆ. ಒದೆತದ ಲೆಕ್ಕ ಸಣ್ಣದಲ್ಲ. ದಿನಕ್ಕೆ ಅರವತ್ತು ಎಪ್ಪತ್ತು ಗುಂಡು ಹಾರಿಸುವವನು ಹೆಗಲು ನೋಯುವುದಕ್ಕೆ ಮೊದಲೇ ಒದೆತಕ್ಕೆ ಅಳುಕಲು ಆರಂಭಿಸುತ್ತಾನೆ. ಟ್ರಿಗರ್ ಎಳೆಯುವ ಕ್ಷಣದಲ್ಲಿ ಮೈ ತುಸು ಬಿಗಿದರೂ ಸಾವಿರ ಗಜದಾಚೆ ಅದು ಅಡಿಗಟ್ಟಲೆ ವ್ಯತ್ಯಾಸ.

ಹಾಗೆಂದು ಇನ್ನೂ ಸಣ್ಣದು, ಇನ್ನೂ ವೇಗ ಎಂದು ಹೋಗುತ್ತಲೇ ಇರಲೂ ಆಗದು. ಕಿರಿದಾದ ನಳಿಗೆಯಲ್ಲಿ ಹೆಚ್ಚು ಮದ್ದು ಉರಿದರೆ ಗೀರುಗಳು ಬೇಗ ಸುಟ್ಟು ಸವೆಯುತ್ತವೆ. 0.308ರ ನಳಿಗೆ ಸಾಮಾನ್ಯವಾಗಿ ಐದು ಸಾವಿರ ಗುಂಡಿನ ಹತ್ತಿರ ಬಾಳಿದರೆ 6.5 ಕ್ರೀಡ್‌ಮೂರಿನದು ಎರಡು ಮೂರು ಸಾವಿರ. ಅದಕ್ಕಿಂತ ಬಿರುಸಿನ 6.5 ಮಿಲಿಮೀಟರ್ ತೋಟಾಗಳಲ್ಲಿ ಸಾವಿರ ದಾಟುವಷ್ಟರಲ್ಲೇ ಹೊಸ ನಳಿಗೆಯ ಚಿಂತೆ. ಒಂದೂವರೆ ಕಿಲೋಮೀಟರ್ ಮೀರಿದ ದೂರಕ್ಕೆ ಇನ್ನೂ ದಪ್ಪ, ಇನ್ನೂ ಭಾರದ 0.338ರಂಥ ಗುಂಡುಗಳೇ ಬೇಕು. ಅಲ್ಲೂ ಸೂತ್ರ ವಿಟ್ವರ್ತ್‌ನದೇ: ದಪ್ಪಕ್ಕೆ ತಕ್ಕಷ್ಟಲ್ಲ, ದಪ್ಪಕ್ಕೆ ಮೀರಿ ಉದ್ದ.

ವಿಂಬಲ್ಡನ್ನಿನ ಕೂಟ 1890ರಲ್ಲಿ ಬಿಸ್ಲೆ ಎಂಬಲ್ಲಿಗೆ ಹೋಯಿತು. ರಾಣಿಯ ಹೆಸರಿನಲ್ಲಿ ಆರಂಭವಾದ ಬಹುಮಾನಕ್ಕೆ ಈಗ ರಾಜನ ಹೆಸರಿದೆ. ಅದರ ಕೊನೆಯ ಸುತ್ತು ಈಗಲೂ 900 ಮತ್ತು 1000 ಗಜದಲ್ಲಿ, ದುರ್ಬೀನಿಲ್ಲದ ರೈಫಲ್ಲಿನಲ್ಲಿ ನಡೆಯುತ್ತದೆ. ಅಲ್ಲಿ ಕ್ಯಾಲಿಬರ್ ಆರಿಸುವ ಸ್ವಾತಂತ್ರ್ಯ ಹೆಚ್ಚಿಲ್ಲ. 7.62 ಅಥವಾ 5.56 ಮಿಲಿಮೀಟರಿನ ತೋಟಾ ಮಾತ್ರ ನಡೆಯುತ್ತದೆ. ಎಲ್ಲರಿಗೂ ಒಂದೇ ಬಗೆಯ ಗುಂಡಾದರೆ ಗಾಳಿ ಓದಬಲ್ಲವನು ಯಾರೆಂದು ತಿಳಿಯುತ್ತದೆ ಎಂಬ ಲೆಕ್ಕ. ಕ್ರೀಡ್‌ಮೂರಿನ ಹೆಸರು ಹೊತ್ತ 6.5ಕ್ಕೆ ಆ ಸಾಲಿನಲ್ಲಿ ಜಾಗವಿಲ್ಲ.